ಓಲೆ ನೋಡು

ನನಗೆ ಗೊತ್ತಿರೋ ಹೆಂಗಸರ ಕಣ್ಣು ಹೇಗಿದೆ ಅಂತ ಕೇಳಿದ್ರೆ ನನ್ನಿಂದ ಉತ್ತರ ಬರಲ್ಲ. ಓಲೆ ಕೇಳಿ, ಹೇಳ್ತೀನಿ. ನಮ್ಮ ಅತ್ತೆಯದು ಏಳು ಕಲ್ಲಿನ ಬಿಳಿ ಓಲೆ, ಎಡಗಡೆಯದರಲ್ಲಿ ಒಂದು ಕಲ್ಲು ಸ್ವಲ್ಪ ಮಂಕು. ಹೈಸ್ಕೂಲಿನ ಗಣಿತದ ಮೇಡಂದು ಸಣ್ಣ ರಿಂಗು. ಲ್ಯಾಬಿನಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗಿ ಸೀರೆ ಬಣ್ಣಕ್ಕೆ ತಕ್ಕ ಹಾಗೆ ಬದಲಾಯಿಸ್ತಿದ್ದಳು, ಬದಲಾದ ದಿನ ಬೆಳಗ್ಗೆಯೆಲ್ಲ ನನಗೆ ಕಸಿವಿಸಿ. ಇವಳಿಗೇನೋ ಒಡವೆ ಹುಚ್ಚು ಅಂದ್ಕೋಬೇಡಿ. ನನ್ನ ಕಿವಿ ಬೋಳು. ಕಿವಿಯಲ್ಲಿ ಏನಾದ್ರೂ ನೇತಾಡಿದ್ರೆ ಸಂಜೆ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತೆ.

ಓಲೆ ನೋಡೋದನ್ನ ಕಲಿಸಿದ್ದು ಅಮ್ಮ. ಚಿಕ್ಕಜಾಲದ ನಮ್ಮ ಮನೆಗೆ ಮೊದಲ ಸಲ ಗಂಡಿನ ಕಡೆಯವರು ನನ್ನನ್ನ ನೋಡೋಕೆ ಬಂದ ದಿನ. ಅವರು ಹಜಾರದಲ್ಲಿ ಕೂತಿದ್ರು, ಅಮ್ಮ ಅಡುಗೆಮನೆಯಲ್ಲಿ ಕಾಫಿ ಲೋಟಗಳನ್ನ ತಟ್ಟೆಗೆ ಜೋಡಿಸ್ತಾ ನನ್ನ ಕಿವಿಯಲ್ಲಿ ಹೇಳಿದ್ಲು: "ಮುಖ ಎತ್ತಿ ನೋಡ್ಬೇಕು ಕಣೇ, ಇಲ್ಲಾಂದ್ರೆ ಕೊಬ್ಬು ಅಂತಾರೆ. ಕಣ್ ನೋಡಕ್ ಆಗ್ದಿದ್ರೆ ಓಲೆ ನೋಡು. ಓಲೆ ನೋಡುದ್ರೆ ಮುಖ ನೋಡ್ದಂಗೇ ಕಾಣ್ತದೆ."

ನೋಡಿದೆ. ಚೆನ್ನಾಗೇ ನೋಡಿದೆ. ಗಂಡಿನ ತಾಯಿ ಹಾಕಿದ್ದ ಕೆಂಪು ಹರಳಿನ ಓಲೆಯಿಂದ ಕಣ್ಣು ಕೀಳಲಿಲ್ಲ. ಎರಡು ದಿನ ಬಿಟ್ಟು ಮಧ್ಯಸ್ಥಿಕೆಯವರ ಬಾಯಲ್ಲಿ ಸುದ್ದಿ ಬಂತು, ಹುಡುಗಿಗೆ ಈಗಲೇ ಅತ್ತೆ ಒಡವೆ ಮೇಲೆ ಕಣ್ಣು, ಬೇಡ ಅಂದರಂತೆ. ಆಮೇಲೆ ಬಂದವರದು ಉಲ್ಟಾ ಆಯ್ತು. ಆ ಅತ್ತೆ ಅದೇ ತಾನೇ ಹೊಸ ಏಳು ಕಲ್ಲಿನ ಓಲೆ ಮಾಡಿಸಿಕೊಂಡಿದ್ರು, ಯಾರೂ ಗಮನಿಸಿಲ್ಲ ಅಂತ ಬೇಜಾರಲ್ಲಿದ್ರು. ನಾನು ನೋಡಿದ್ದೇ ನೋಡಿದ್ದು, ಹುಡುಗಿ ಬಲು ಸೂಕ್ಷ್ಮ ಅಂತ ಅಲ್ಲೇ ಒಪ್ಪಿಕೊಂಡ್ರು. ನನ್ನ ಮದುವೆ ಆಗಿದ್ದು ಹೀಗೆ. ಗಂಡನಿಗೆ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿ. ಬೆಳಗ್ಗೆಯಿಂದ ಅಲ್ಲಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು ಬರ್ತಾರೆ, ಕೆಂಪಾಪುರದ ಮನೆಗೆ ಬಂದಮೇಲೆ ಅವರಿಗೂ ಮೌನವೇ ಬೇಕು. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಒಂದು ದಿನವೂ ಜಗಳ ಬಂದಿಲ್ಲ.

ಆದ್ರೆ ಕೊಬ್ಬು ಅನ್ನೋ ಮಾತು ಮಾತ್ರ ನನ್ನನ್ನ ಬಿಡಲಿಲ್ಲ. ಎಲ್ಲಿ ಹೋದ್ರೂ ಅದೇ ನನ್ನ ಹೆಸರು. ಮದುವೆ ಮನೆಯಲ್ಲಿ ಎದ್ದು ಆಚೆ ಹೋದ್ರೆ ಕೊಬ್ಬು. ಫೋನ್ ಎತ್ತದಿದ್ರೆ ಕೊಬ್ಬು. ಯಾರೋ ಬೆನ್ನು ಸವರಿದಾಗ ಪಕ್ಕಕ್ಕೆ ಸರಿದ್ರೆ, ಅಬ್ಬಾ, ಅದಂತೂ ದೊಡ್ಡ ಕೊಬ್ಬು. ಮುಖ ಕೊಟ್ಟು ಮಾತಾಡಲ್ಲ ಅಂತ ನೆಂಟರೆಲ್ಲ ಹೇಳ್ತಿದ್ರು, ನಾನೂ ಒಂದಷ್ಟು ವರ್ಷ ಆದಮೇಲೆ ಹೌದು ಕಣ್ರೀ, ನನಗೆ ಕೊಬ್ಬೇ ಅಂತ ಎದುರು ಮಾತಾಡಿ ಬಾಯಿ ಮುಚ್ಚಿಸ್ತಿದ್ದೆ. ನಾನು ಕೆಟ್ಟವಳಲ್ಲ ಅಂತ ನನಗೆ ಗೊತ್ತಿತ್ತು, ಮತ್ತೇನು ಅಂತ ಗೊತ್ತಿರಲಿಲ್ಲ.

ಕೆಲಸದಲ್ಲಿ ನನ್ನನ್ನ ಮೀರಿಸೋರಿಲ್ಲ, ಅದನ್ನ ನಾನೇ ಹೇಳ್ಕೋತೀನಿ. ಮೈಕ್ರೋಸ್ಕೋಪಿನ ಕೆಳಗೆ ರಕ್ತದ ಸ್ಲೈಡ್ ನೋಡೋದು ನನ್ನ ಕೆಲಸ. ಬೇರೆಯವರು ಬೇಸರಪಟ್ಟು ಏಳೋ ಹೊತ್ತಿಗೆ ನನಗೆ ಆಗಷ್ಟೇ ಖುಷಿ ಶುರುವಾಗಿರುತ್ತೆ. ಯಲಹಂಕದ ಹಳೇ ಲ್ಯಾಬಿನಲ್ಲಿ ನನಗೆ ಹಿಂದಿನ ಒಂದು ರೂಮು ಇತ್ತು. ಆಮೇಲೆ ಹೆಬ್ಬಾಳದ ಹತ್ತಿರ ಹೊಸ ಕಟ್ಟಡಕ್ಕೆ ಹೋದ್ವಿ. ಅಲ್ಲಿ ನಡುವೆ ಗೋಡೆಯೇ ಇಲ್ಲ, ಎಲ್ಲ ಒಂದೇ ಹಾಲ್. ಎಲ್ಲ ಮೆಷಿನ್ನೂ ಕುಂಯ್ ಕುಂಯ್ ಅಂತಿರುತ್ತೆ, ಮೇಲೆ ಸ್ಪೀಕರಿನಲ್ಲಿ ಹಾಡು ಬೇರೆ, ಸಿಬ್ಬಂದಿಗೆ ಉಲ್ಲಾಸ ಇರಲಿ ಅಂತ. ಹಿಂದೆ ಸಾಮಾನು ತುಂಬಿದ್ದ ಒಂದು ರೂಮಿತ್ತು, ಅದನ್ನ ಕೇಳಿದೆ, ಎಲ್ಲರೂ ಅಡ್ಜಸ್ಟ್ ಮಾಡ್ಕೊಂಡಿದಾರಲ್ಲ ಅಂದ್ರು ಮ್ಯಾನೇಜರು. ಒಂದು ಮಧ್ಯಾಹ್ನ ಎದ್ದು ಹೋಗಿ ಆ ಸ್ಪೀಕರಿನ ವೈರನ್ನ ಗೋಡೆಯಿಂದ ಕಿತ್ತು ಹಾಕಿದೆ. ಮ್ಯಾನೇಜರು ಕರೆದು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಮತ್ತೆ ಅದೇ, ಕೊಬ್ಬು.

ರಿಪೋರ್ಟಿಗೆ ಸಹಿ ಹಾಕೋ ಡಾಕ್ಟರಮ್ಮ ಇದನ್ನೆಲ್ಲ ನೋಡ್ತಿದ್ರು. ಸಂಜೆ ನನ್ನನ್ನ ಪಕ್ಕಕ್ಕೆ ಕರೆದು, ನನ್ನ ತಮ್ಮನೂ ನಿಮ್ಮ ಹಾಗೇ, ಅವನಿಗೆ ದೊಡ್ಡವನಾದ ಮೇಲೆ ಆಟಿಸಂ ಅಂತ ಗೊತ್ತಾಯ್ತು, ನೀವೂ ಒಂದ್ಸಲ ತೋರಿಸಿ ಅಂದ್ರು. ನನಗೆ ಕೋಪ ಮೂಗಿನ ತುದಿಗೆ ಬಂತು. ಅದು ಮಾತೇ ಬಾರದ ಸಣ್ಣ ಮಕ್ಕಳಿಗೆ ಬರೋದು ಅಂತಲೇ ನಾನು ತಿಳ್ಕೊಂಡಿದ್ದೆ. ಮನೆಗೆ ಬಂದು, ಅವರು ಹೇಳಿದ್ದು ಸುಳ್ಳು ಅಂತ ಸಾಬೀತು ಮಾಡೋಕೇ ಓದೋಕೆ ಕೂತೆ. ಓದ್ತಾ ಓದ್ತಾ, ಯಾರೋ ನಮ್ಮನೆ ಕಿಟಕಿಯಿಂದ ನನ್ನನ್ನೇ ನೋಡಿ ಬರೆದ ಹಾಗಿತ್ತು. ಕೊಬ್ಬು ಬಿಟ್ಟು ನನಗೆ ಇನ್ನೊಂದು ಹೆಸರು ಇದ್ರೂ ಇರಬಹುದು ಅಂತ ಆವತ್ತು ಮೊದಲ ಸಲ ಆಸೆ ಹುಟ್ಟಿತು. ಆ ಆಸೆ ಎಷ್ಟಿತ್ತು ಅಂದ್ರೆ, ಇಲ್ಲ ಅಂದುಬಿಟ್ರೆ ಏನು ಮಾಡ್ಲಿ ಅಂತ ಭಯ ಆಗೋಷ್ಟಿತ್ತು.

ಆರ್.ಟಿ. ನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಡಾಕ್ಟರಮ್ಮನೇ ಹೇಳಿದ ಮನಶ್ಶಾಸ್ತ್ರಜ್ಞೆಯ ಕ್ಲಿನಿಕ್ಕು. ಚಿಕ್ಕ ವಯಸ್ಸಿನ ಹುಡುಗಿ, ಮೆಲ್ಲಗೆ ಮಾತಾಡ್ತಾಳೆ. ಎದುರು ಕೂತೆ, ಅಭ್ಯಾಸದಂತೆ ಕಿವಿ ಕಡೆ ನೋಡಿದೆ. ಓಲೆ ಇಲ್ಲ! ಚುಚ್ಚಿದ ತೂತು ಕೂಡ ಇಲ್ಲ. ಕಣ್ಣನ್ನ ಎಲ್ಲಿಡಬೇಕು ಅಂತ ತಿಳೀದೆ ನಾನು ಆಕೆಯ ಹೆಗಲು, ಗಡಿಯಾರ, ನೀರಿನ ಬಾಟಲಿ ಅಂತ ಸುತ್ತಾಡ್ತಾ ಮಾತಾಡಿದೆ. ನಾಲ್ಕೈದು ಸಲ ಹೋದೆ. ಕೊನೆಗೆ ಆಕೆ, ನೀವು ಹೇಳಿದ್ದೆಲ್ಲ ಆ ಕಡೆಗೇ ಹೋಗುತ್ತೆ, ಆದರೆ ಇದು ಹುಟ್ಟಿನಿಂದ ಇರಬೇಕು, ನಿಮ್ಮನ್ನ ಚಿಕ್ಕವಳಿದ್ದಾಗ ಕಂಡವರು ಬಂದು ಹೇಳದೆ ನಾನು ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ ಅಂದಳು. ಕಂಡವರು ಅಂದ್ರೆ ಇನ್ಯಾರು, ಅಮ್ಮನೇ. ಅಪ್ಪ ಹೋಗಿ ವರ್ಷಗಳಾದ್ವು, ತಮ್ಮ ನನಗಿಂತ ತುಂಬ ಚಿಕ್ಕವನು.

ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಬರ್ತೀನಿ ಬಿಡು ಅಂದಳು, ಒಂದು ಪ್ರಶ್ನೆ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಹೆಬ್ಬಾಳದಲ್ಲಿ ಬಸ್ಸಿಂದ ಇಳಿದವಳನ್ನ ನೋಡ್ತೀನಿ, ಮದುವೆಗೆ ಮಾತ್ರ ಉಡೋ ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ, ಕೈಯಲ್ಲಿ ಕೋಡುಬಳೆ ಡಬ್ಬಿ. ಹೋಗ್ತಿರೋದು ಕ್ಲಿನಿಕ್ಕಿಗೆ ಅಂತ ನೆನಪಿಸಿದೆ. ಗೊತ್ತು ನಡಿ ಅಂದಳು.

ಒಳಗೆ ಹೋಗಿ ಕೂತವಳೇ ಶುರು ಮಾಡಿದಳು. ನಮ್ಮದು ಇಂಥಾ ಮನೆತನ, ದ್ರಾಕ್ಷಿ ತೋಟ ಇತ್ತು, ಅಳಿಯಂದಿರದು ಸ್ವಂತ ಮಂಡಿ. ಆ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, ಮಗಳು ಚಿಕ್ಕವಳಿದ್ದಾಗ ಜೋರು ಸದ್ದಿಗೆ ಹೆದರ್ತಿದ್ರಾ ಅಂತ ಕೇಳಿದಳು. ಛೇ ಛೇ, ಧೈರ್ಯವಂತೆ. ಬೇರೆ ಮಕ್ಕಳ ಜೊತೆ ಆಡ್ತಿದ್ರಾ? ಊರ ಮಕ್ಕಳೆಲ್ಲ ನಮ್ಮನೆ ಅಂಗಳದಲ್ಲೇ ಇರ್ತಿದ್ರು. ಊಟದಲ್ಲಿ, ಬಟ್ಟೆಯಲ್ಲಿ ಏನಾದ್ರೂ ಹಟ? ಕೊಟ್ಟಿದ್ದು ತಿಂತಿದ್ಲು, ಹಾಕಿದ್ದು ಹಾಕ್ಕೋತಿದ್ಲು. ಅಷ್ಟು ಹೇಳಿ, ಅಡುಗೆಯೂ ಚೆನ್ನಾಗಿ ಮಾಡ್ತಾಳೆ ಅಂತ ಕೇಳದೇ ಇದ್ದಿದ್ದನ್ನೂ ಸೇರಿಸಿ ಕೋಡುಬಳೆ ಡಬ್ಬಿ ಮುಂದಕ್ಕೆ ತಳ್ಳಿದಳು. ಆಗ ನನಗೆ ಹೊಳೀತು. ಅಮ್ಮ ನನ್ನನ್ನ ಮತ್ತೆ ಹೆಣ್ಣು ತೋರಿಸ್ತಿದ್ದಾಳೆ. ಎದುರಿಗಿದ್ದವಳು ಅವಳ ಪಾಲಿಗೆ ಗಂಡಿನ ಕಡೆಯವಳು.

ವಾಪಸ್ ಬರೋವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋ ನಿಂತೇ ಹೋಯ್ತು. ನಾನು ರೇಗಿದೆ. ಈ ವಯಸ್ಸಿನಲ್ಲಿ ನನ್ನನ್ನ ಇನ್ಯಾರು ನೋಡಿ ಒಪ್ಪಬೇಕು, ನೀನು ಹೇಳೋ ಒಂದು ನಿಜಕ್ಕೆ ನಾನು ಕಾದಿದ್ದೀನಿ, ಅದನ್ನೂ ಮುಚ್ಚಿಟ್ಟೆ ಅಂತ ಬಾಯಿಗೆ ಬಂದಿದ್ದೆಲ್ಲ ಅಂದೆ. ಅಮ್ಮ ಕೆರೆ ಕಡೆ ಮುಖ ಮಾಡಿ ಕೂತಿದ್ದಳು. ಚಿಕ್ಕಜಾಲದ ಬಸ್ಸು ಹತ್ತೋವಾಗ ಮಾತ್ರ, ಕುಂಕುಮ ಇಟ್ಕೋ, ಹಣೆ ಖಾಲಿ ಐತೆ ಅಂದಳು. ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಶನಿವಾರ ಸಂಜೆ ಬಾಗಿಲು ತೆಗೆದರೆ ಅಮ್ಮ, ಜೊತೆಗೆ ಒಂದು ಚೀಲ ಅವರೆಕಾಯಿ. ಚಿಕ್ಕಜಾಲದ ಮನೆ ಹಿಂದೆ ತಮ್ಮ ಇನ್ನೂ ಕಟ್ಟಡ ಎಬ್ಬಿಸದ ತುಂಡು ಜಾಗ ಇದೆ, ಅದರಲ್ಲಿ ಅವಳೇ ಹಾಕಿದ್ದು. ಸೊಗಡು ಮನೆಯೆಲ್ಲ ತುಂಬಿಕೊಂಡಿತು. ನಾವು ಫ್ಲೈಓವರಿನ ವಿಷಯ ಎತ್ತಲಿಲ್ಲ. ಕಾಯಿ ಸುಲಿದು, ಕಾಳು ನೀರಿಗೆ ಹಾಕಿ ಮಲಗಿದ್ವಿ. ಬೆಳಗ್ಗೆ ಬಾಲ್ಕನಿಯಲ್ಲಿ ಚಾಪೆ ಹಾಸಿ, ಮಧ್ಯೆ ಬೇಸಿನ್ ಇಟ್ಕೊಂಡು ಹಿತುಕೋಕೆ ಕೂತ್ವಿ.

ನೆನೆದ ಕಾಳನ್ನ ಎರಡು ಬೆರಳ ಮಧ್ಯೆ ಒತ್ತಿದ್ರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಈ ಕೆಲಸ ನನಗೆ ಪ್ರಾಣ. ಚಿಕ್ಕಂದಿನಲ್ಲಿ ಚಳಿಗಾಲ ಬಂದ್ರೆ ಬೀದಿ ಹೆಂಗಸರೆಲ್ಲ ನಮ್ಮ ಜಗಲಿ ಮೇಲೆ ಹಿತುಕೋಕೆ ಸೇರ್ತಿದ್ರು, ವರ್ಷದಲ್ಲಿ ನಾನು ಜನರ ಮಧ್ಯೆ ಇಷ್ಟಪಟ್ಟು ಕೂರ್ತಿದ್ದದ್ದು ಆಗ ಮಾತ್ರ. ಎಲ್ಲರ ಕಣ್ಣೂ ಬೇಸಿನ್ ಮೇಲೆ, ಮಾತು ಅದರ ಪಾಡಿಗೆ ಅದು. ಮುಖ ಕೊಡು ಅಂತ ಅಲ್ಲಿ ಯಾರೂ ಕೇಳ್ತಿರಲಿಲ್ಲ. ನಾನು ಆಗ ಎಷ್ಟು ಮಾತಾಡ್ತಿದ್ದೆ ಅಂದ್ರೆ, ವಾಚಾಳಿ ಅಂತಲೂ ಒಂದು ಹೆಸರು ಬಂದಿತ್ತು.

ಅಮ್ಮ ತಲೆ ಎತ್ತದೆ ಹೇಳೋಕೆ ಶುರು ಮಾಡಿದಳು. ಯಲಹಂಕದಿಂದ ಏಳೋ ಯುದ್ಧ ವಿಮಾನ ನಮ್ಮ ಊರ ಮೇಲೆ ಬರೋ ಮುಂಚೆಯೇ ನಾನು ಕಿವಿ ಮುಚ್ಚಿಕೊಂಡು ಬಚ್ಚಲುಮನೆಗೆ ಓಡ್ತಿದ್ದೆನಂತೆ. ಹಂಡೆಗೂ ಗೋಡೆಗೂ ನಡುವೆ ಇದ್ದ ಸಂದಿಯಲ್ಲಿ ಅವಳೇ ಹಳೇ ಸೀರೆ ಮಡಿಸಿ ಹಾಸಿಟ್ಟಿದ್ದಳಂತೆ. ಆ ಸೀರೆ ನನಗೆ ನೆನಪಿದೆ, ಹಾಸಿದ್ದು ಯಾರು ಅಂತ ಯೋಚನೆ ಮಾಡಿರಲಿಲ್ಲ. ಹಬ್ಬದ ಲಂಗದ ಜರಿ ಅಂಚು ಚುಚ್ಚುತ್ತೆ ಅಂತ ನಾನು ಅತ್ತಾಗ, ಜರಿ ಬಿಚ್ಚಿ ಒಳಗಡೆ ತನ್ನ ಮೆತ್ತನೆ ಸೀರೆಯ ತುಂಡು ಕೊಟ್ಟು ಹೊಲಿದಿದ್ದಳು. ಮುದ್ದೆಗೆ ಸಾರು ತಾಗಿದ್ರೆ ನಾನು ತಟ್ಟೆ ಬಿಟ್ಟು ಏಳ್ತೀನಿ ಅಂತ ನನಗೊಂದು ಬಟ್ಟಲು ಬೇರೆ. ಮದುವೆ ಮನೆಗಳಲ್ಲಿ ವಾಲಗ ಶುರುವಾಗೋ ಮುಂಚೆ ನನ್ನನ್ನ ಉಗ್ರಾಣಕ್ಕೆ ಕಳಿಸ್ತಿದ್ದಳು, ತಾಂಬೂಲದ ಎಲೆ ಅಡಿಕೆ ಜೋಡಿಸು ಅಂತ. ಆ ಮುಚ್ಚಿದ ರೂಮಿನಲ್ಲಿ ನಾನು ರಾಣಿ ಹಾಗಿರ್ತಿದ್ದೆ.

"ನಾನು ಚೆನ್ನಾಗಿ ಜೋಡಿಸ್ತೀನಿ ಅಂತ ನೀನು ಕಳಿಸ್ತಿದ್ದೆ ಅಂದ್ಕೊಂಡಿದ್ದೆ," ಅಂದೆ.

"ಚೆನ್ನಾಗೂ ಜೋಡುಸ್ತಿದ್ದೆ," ಅಂದಳು.

ಇಷ್ಟೆಲ್ಲ ಗೊತ್ತಿದ್ದೂ ಆವತ್ತು ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದೆ. ಈ ಸಲ ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಆ ಮೇಡಮ್ಮ ಏನಾದ್ರೂ ಬರೆದುಕೊಟ್ರೆ ನಿನಗೆ ಹುಚ್ಚು ಅಂತ ಅತ್ತೆಮನೆಯವರು ವಾಪಸ್ ಕಳಿಸ್ತಾರೆ ಅಂತ ಭಯ ಆಯ್ತು ಅಂದಳು. ಮದುವೆಯಾಗಿ ಇಷ್ಟು ವರ್ಷ ಆದಮೇಲೂ ಅವಳಿಗೆ ಆ ಭಯ ಹೋಗಿರಲಿಲ್ಲ. ನನ್ನ ಗಂಡ ಒಳಗಿಂದ ಕೇಳಿಸಿಕೊಂಡು, ಅತ್ತೆ, ನೀವು ಹೇಳಿದ್ದನ್ನೆಲ್ಲ ನಾನು ನೋಡಿ ನೋಡಿ ಕಲಿಯೋಕೆ ಒದ್ದಾಡಿದೀನಿ, ಮೊದಲೇ ಹೇಳಿದ್ರೆ ಸುಲಭ ಆಗ್ತಿತ್ತು ಅಂದ್ರು. ಅಮ್ಮ ನಕ್ಕಳು. ನನ್ನ ಕಣ್ಣು ತುಂಬಿ ಬಂತು. ಯಾರಿಗೂ ಅರ್ಥವಾಗದೆ ಒಬ್ಬಳೇ ಬೆಳೆದೆ ಅಂತ ನಾನು ಅಷ್ಟು ವರ್ಷ ನಂಬಿದ್ದೆ. ಸದ್ದೇ ಮಾಡದೆ ಇವಳು ಒಂದು ಇಡೀ ಮನೆಯನ್ನ ನನ್ನ ಅಳತೆಗೆ ಹೊಲಿದು ಕೊಟ್ಟಿದ್ದಳು. ಇವಳು ನನ್ನ ಅಮ್ಮ ಅಂತ ಊರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು.

ಅಮ್ಮನ ಜೊತೆ ಎರಡನೇ ಸಲ ಕ್ಲಿನಿಕ್ಕಿಗೆ ಹೋಗೋವಾಗ ಅವಳು ಮಾಮೂಲಿ ವಾಯಿಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಮತ್ತೆ ಡಬ್ಬಿ. ಈ ಸಲ ಒಳಗಿದ್ದದ್ದು ನೆನೆಸಿದ ಅವರೆಕಾಳು. ಒಂದು ಹಳೇ ಪೇಪರ್ ಕೊಡಿ ಮೇಡಮ್ಮೋರೆ, ಸುಮ್ಮನೆ ಕೂತ್ರೆ ನನಗೆ ಮಾತು ಬರಲ್ಲ ಅಂತ ಟೇಬಲ್ ಮೇಲೆ ಹಾಸಿ ಹಿತುಕೋಕೆ ಕೂತೇಬಿಟ್ಟಳು. ಆ ಹುಡುಗಿಯೂ ಒಂದು ಕಾಳು ತಗೊಂಡು ಒತ್ತಿದಳು, ಬೇಳೆ ಹಾರಿ ಹೋಗಿ ಗೋಡೆಗೆ ಬಡೀತು. ಮೂರು ಜನವೂ ತಲೆ ಬಗ್ಗಿಸಿಕೊಂಡು ಕೂತ್ವಿ, ಅಮ್ಮ ಎಲ್ಲ ಹೇಳಿದಳು. ಹಂಡೆ, ಜರಿ, ಬಟ್ಟಲು, ಉಗ್ರಾಣ. ಖುಷಿಯಾದಾಗ ನಾನು ಎರಡೂ ಕೈ ಒದರ್ತಿದ್ದದ್ದು, ಹೊರಗಿನವರ ಮುಂದೆ ಬೇಡ ಅಂತ ಅವಳೇ ತಡೆದದ್ದು. ಕೊನೆಗೆ ಓಲೆ.

ಆಕೆ ಪೂರ್ತಿ ಕೇಳಿಸಿಕೊಂಡು, ಹೌದು, ನೀವು ಆಟಿಸಂ ಇರೋರೇ ಅಂತ ನನಗೆ ಹೇಳಿದಳು. ಕಾಯಿಲೆಯಾ ಅಂತ ಅಮ್ಮ ಕೇಳಿದಳು. ಕಾಯಿಲೆ ಅಲ್ಲಮ್ಮ, ಇವರು ಹುಟ್ಟಿರೋದೇ ಹೀಗೆ, ವಾಸಿ ಮಾಡೋಕೆ ಏನಿಲ್ಲ, ಇವರಿಗೆ ಬೇಕಾದ ಹಾಗೆ ಸುತ್ತಮುತ್ತ ಸರಿ ಮಾಡ್ಕೋಬೇಕು, ನೀವು ಮಾಡಿರೋದೂ ಅದೇ ಅಂದಳು. ನಾನೇನು ಮಾಡಿದೆ ಗೊತ್ತಾ? ಬಚ್ಚಲುಮನೆ ಬಾಗಿಲು ಹಾಕಿಕೊಂಡು ಮಾತ್ರ ಮಾಡೋ ಕೆಲಸ ಅಲ್ಲೇ ಮಾಡಿದೆ. ಎರಡೂ ಕೈ ಜೋರಾಗಿ ಒದರಿದೆ. ಅವರೆ ಸಿಪ್ಪೆ ಟೇಬಲ್ ತುಂಬ ಹಾರಿತು. ಅಮ್ಮ ತಡೆಯಲಿಲ್ಲ.

ಆಮೇಲೆ ಆ ಹುಡುಗಿ, ಓಲೆ ನೋಡೋ ಉಪಾಯ ನಿಮಗೆ ಹೇಗೆ ಹೊಳೀತಮ್ಮ ಅಂತ ಕೇಳಿದಳು.

"ನಂಗೆಲ್ಲಿ ಒಳೀತದೆ," ಅಂದಳು ಅಮ್ಮ, ಕೈ ನಿಲ್ಲಿಸದೆ. "ನಮ್ಮವ್ವ ಯೋಳ್ಕೊಟ್ಟಿದ್ದು. ನನ್ ನೋಡಕ್ ಬಂದಾಗ."

ನಾನು ಅಮ್ಮನ ಕಡೆ ತಿರುಗಿದೆ. ಅವಳ ಕಣ್ಣು ಕಾಳಿನ ಮೇಲೆಯೇ ಇತ್ತು. ಇವಳು ಯಾರ ಮುಖವನ್ನಾದ್ರೂ ನೇರವಾಗಿ ನೋಡಿ ಮಾತಾಡಿದ್ದು ನಾನು ಯಾವತ್ತು ಕಂಡಿದ್ದೀನಿ? ನನ್ನ ಕಿವಿಯಲ್ಲಿ ಓಲೆ ಇಲ್ಲ. ಅದಕ್ಕೇ ಕಣ್ಣಿಡೋಕೆ ಅವಳಿಗೆ ನನ್ನ ಹಣೆಯಲ್ಲಿ ಕುಂಕುಮ ಬೇಕು. ಸಂಪ್ರದಾಯ ಅಂತ ಪೀಡಿಸ್ತಾಳೆ ಅಂದ್ಕೊಂಡು ನಾನು ಪ್ರತಿ ಸಲ ರೇಗ್ತಿದ್ದೆ. ಅಮ್ಮನ ವಿಷಯದಲ್ಲಿ ಆ ಹುಡುಗಿ ಯಾವ ಹೆಸರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಏಳೋವಾಗ ಅಮ್ಮನೇ, ಮೇಡಮ್ಮೋರೆ, ಇಲ್ಲಿಗೆ ಬರೋರು ನಮ್ಮಂಥೋರು, ಒಂದು ಜೊತೆ ಓಲೆ ಹಾಕ್ಕೊಳ್ಳಿ ಅಂತ ಬುದ್ಧಿ ಹೇಳಿ ಬಂದಳು. ನಮ್ಮಂಥೋರು ಅಂದಳು. ನಾನು ಕೇಳಿಸಿಕೊಂಡೆ.

ಹೊಸ ಹೆಸರು ಸಿಕ್ಕ ತಕ್ಷಣ ನಾನೇನು ಬೇರೆಯವಳಾಗಲಿಲ್ಲ. ಕೋಪ ಹಾಗೇ ಇದೆ, ಫೋನ್ ಈಗಲೂ ಎತ್ತಲ್ಲ. ಆದ್ರೆ ಮ್ಯಾನೇಜರ್ ಮುಂದೆ ಹೋಗಿ ಕೂತಾಗ ಅವರ ಮುಖದ ಆಸುಪಾಸು ಎಲ್ಲೂ ನೋಡೋಕೆ ಹೋಗಲಿಲ್ಲ. ಕಿಟಕಿ ನೋಡಿಕೊಂಡೇ ಹೇಳಿದೆ, ನಾನು ಹೀಗೆ, ನನಗೆ ಸದ್ದಿಲ್ಲದ ರೂಮು ಬೇಕು, ಕೊಟ್ರೆ ನನ್ನಷ್ಟು ಚೆನ್ನಾಗಿ ಸ್ಲೈಡ್ ನೋಡೋರು ನಿಮಗೆ ಸಿಗಲ್ಲ. ಅವರೂ ಒಮ್ಮೆ ಕಿಟಕಿ ಕಡೆ ತಿರುಗಿ ಅಲ್ಲೇನಿದೆ ಅಂತ ನೋಡಿದ್ರು. ಡಾಕ್ಟರಮ್ಮನೂ ನನ್ನ ಪರ ಮಾತಾಡಿದ್ರು ಅಂತ ಕಾಣುತ್ತೆ. ಸಾಮಾನು ತುಂಬಿದ್ದ ಹಿಂದಿನ ರೂಮನ್ನ ಖಾಲಿ ಮಾಡಿಸಿ ಕೊಟ್ರು. ಲ್ಯಾಬಿನವರು ಅದನ್ನ ಸ್ಟೋರ್ ಅಂತಾರೆ, ನಾನು ಮನಸ್ಸಿನಲ್ಲೇ ಉಗ್ರಾಣ ಅಂತೀನಿ.

ಮೊನ್ನೆ ಮತ್ತೆ ಆರ್.ಟಿ. ನಗರಕ್ಕೆ ಹೋಗಿದ್ವಿ, ಅಮ್ಮನೂ ಬರ್ತೀನಿ ಅಂತ ಬಂದಿದ್ದಳು. ಆ ಹುಡುಗಿಯ ಕಿವಿಯಲ್ಲಿ ಬೆಳ್ಳಿ ಓಲೆ ಇತ್ತು, ತೂತಿಲ್ಲದ ಕಿವಿಗೆ ಒತ್ತಿ ಕೂರಿಸೋ ಥರದ್ದು. ಅಮ್ಮ ಕೂತ ತಕ್ಷಣ ಅದನ್ನೇ ನೋಡಿ, ಈಗ ಸರಿ ಹೋಯ್ತು ಅಂದಳು. ನಾನು ಮಾತ್ರ ಆ ಕಡೆ ತಿರುಗಲಿಲ್ಲ. ಕಿಟಕಿ ಆಚೆ ಹೊಂಗೆ ಮರ ಇತ್ತು, ಅದನ್ನೇ ನೋಡ್ತಾ ಕೂತೆ. ಆ ಹುಡುಗಿ ಏನೋ ಹೇಳೋಕೆ ಶುರು ಮಾಡಿ, ನನ್ನ ಕಡೆ ನೋಡಿ, ಮಧ್ಯದಲ್ಲೇ ನಿಲ್ಲಿಸಿದಳು. ಅಮ್ಮ ನನ್ನ ಮೊಣಕೈ ತಿವೀತಾಳೆ, ಓಲೆ ನೋಡು ಅಂತಾಳೆ ಅಂತ ನಾನು ಕಾದೆ. ಅವಳು ನೆಟ್ಟಗೆ ಕೂತು, ಹೆಣ್ಣು ನೋಡೋರ ಮುಂದೆ ಒಂದು ದಿನವೂ ಆಡದ ಗಟ್ಟಿ ದನಿಯಲ್ಲಿ ಹೇಳಿದಳು:

"ನನ್ ಮಗ್ಳು ಕಿಟ್ಕಿ ನೋಡ್ಕಂಡೇ ಮಾತಾಡೋದು ಮೇಡಮ್ಮೋರೆ. ಕೇಳುಸ್ಕೊತಾ ಅವ್ಳೆ, ನೀವ್ ಯೋಳಿ."